ಅತ್ತೆಗೆ ಬಂದ ಅಫಿಡವಿಟ್ ಕಾಯಿಲೆ

ದುಡ್ಡು ಹೋದದ್ದಕ್ಕಿಂತ, ಹೆಂಡತಿ ತಮ್ಮ ಮೇಲೆ ಒಂದಿಷ್ಟೂ ಅನುಮಾನ ಪಡಲಿಲ್ಲವಲ್ಲ ಎಂಬುದೇ ಶಾಂತರಾಜು ಮೇಷ್ಟ್ರಿಗೆ ಹೆಚ್ಚು ಚುಚ್ಚಿತು.

ಶಾಂತರಾಜು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮನೆ ಹಾಸನದ ವಿದ್ಯಾನಗರದಲ್ಲಿ. ಹೆಂಡತಿ ನಾಗಲಕ್ಷ್ಮಿ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಇವರು ಈ ಕಡೆಯ ಬಸ್ಸು, ಅವರು ಆ ಕಡೆಯ ಬಸ್ಸು ಹತ್ತಿದರೆ ಮತ್ತೆ ಮುಖ ನೋಡುವುದು ಸಂಜೆಗೇ. (ಸಂಸಾರ ಸುಸೂತ್ರವಾಗಿರುವುದಕ್ಕೆ ಇದೇ ಕಾರಣವೆಂದು ಇಬ್ಬರೂ ಬೇರೆಬೇರೆಯಾಗಿ ನಂಬಿದ್ದರು.) ಮೇಷ್ಟ್ರು ಸೀಟಿ ಊದಿ ಊರ ಮಕ್ಕಳನ್ನೆಲ್ಲ ಹೊತ್ತಿಗೆ ಸರಿಯಾಗಿ ಓಡಿಸುತ್ತಿದ್ದರು. ತಮ್ಮ ಸ್ವಂತ ಕೆಲಸದ ಮಾತು ಬಂದರೆ ಮಾತ್ರ ಸೀಟಿ ಊದುವವರು ಯಾರೂ ಇರಲಿಲ್ಲ.

ಪಿತೃಪಕ್ಷದ ಒಂದು ಭಾನುವಾರ ಮೇಷ್ಟ್ರು ಅರಕಲಗೂಡಿನ ಅತ್ತೆಯ ಮನೆಯಲ್ಲಿ ಎಡೆಯೂಟ ಮುಗಿಸಿ ಜಗಲಿಯ ಮೇಲೆ ಅಡ್ಡಾಗಿದ್ದಾಗ ಫೋನಿಗೆ ಒಂದು ಮೆಸೇಜು ಬಂತು. ಅದರಲ್ಲಿ ಗೋವಾ ಎಂದಿತ್ತು, ಯಾವುದೋ ರೆಸಾರ್ಟಿನ ಹೆಸರಿತ್ತು, ಇಪ್ಪತ್ತಮೂರು ಸಾವಿರ ಎಂದಿತ್ತು. ಗೋವಾಕ್ಕೆ ಬನ್ನಿ ಎಂದು ಕರೆಯುವ ಜಾಹೀರಾತು ಇರಬೇಕೆಂದು ಭಾವಿಸಿದ ಮೇಷ್ಟ್ರು, ಇಷ್ಟು ದುಡ್ಡು ಕೊಟ್ಟು ಯಾವ ಹುಚ್ಚ ಹೋಗುತ್ತಾನೆ ಎಂದುಕೊಂಡು ಮಗ್ಗುಲಾದರು. ಆ ಹುಚ್ಚ ತಮ್ಮ ಹೆಸರಿನಲ್ಲಿ, ತಮ್ಮ ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ ಆಗಲೇ ಹೋಗಿ ರೂಮು ಹಿಡಿದಿದ್ದಾನೆಂದು ಅವರಿಗೆ ತಿಳಿದದ್ದು ಒಂದು ವಾರ ಕಳೆದ ಮೇಲೆ. ಅದೂ ನಾಗಲಕ್ಷ್ಮಿ ಗ್ಯಾಸ್ ಬುಕ್ ಮಾಡಲು ಗಂಡನ ಫೋನು ತೆಗೆದುಕೊಂಡಾಗ.

"ರೀ, ನೀವು ಗೋವಾಕ್ಕೆ ಯಾವಾಗ ಹೋಗಿದ್ರಿ?" ಎಂದು ಕೇಳಿದಳು. ಇಂಥ ಸಂದರ್ಭದಲ್ಲಿ ಬೇರೆ ಹೆಂಡತಿಯರು ಏನು ಮಾಡುತ್ತಾರೆಂದು ಮೇಷ್ಟ್ರು ಟಿ.ವಿ.ಯಲ್ಲಿ ನೋಡಿದ್ದರು. ನಾಗಲಕ್ಷ್ಮಿ ಅದ್ಯಾವುದನ್ನೂ ಮಾಡಲಿಲ್ಲ. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಸೋಫಾದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿ ಎಂದರೆ ಮೆಟ್ಟಿಲು ಜಾಸ್ತಿ ಅನ್ನುವ ಮನುಷ್ಯ ಗೋವಾಕ್ಕೆ ಹೋಗುತ್ತಾನೆಯೇ ಎಂಬುದು ಅವಳ ವಾದ. ತಮ್ಮ ನಿರಪರಾಧಿತ್ವ ಇಷ್ಟು ಅವಮಾನಕರವಾಗಿ ಸಾಬೀತಾಗುತ್ತದೆಂದು ಮೇಷ್ಟ್ರು ಎಣಿಸಿರಲಿಲ್ಲ.

ಮರುದಿನವೇ ಬ್ಯಾಂಕಿಗೆ ಹೋಗಬೇಕೆಂದು ನಾಗಲಕ್ಷ್ಮಿ ಹೇಳಿದಳು. ಮೇಷ್ಟ್ರಿಗೆ ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟ ಇತ್ತು. ಅದನ್ನು ಮುಗಿಸಿಕೊಂಡು ಹೋದಾಗ ಬ್ಯಾಂಕಿನ ಅಧಿಕಾರಿ ಸಮಾಧಾನವಾಗಿಯೇ ವಿವರಿಸಿದರು. ನಮ್ಮದಲ್ಲದ ಖರ್ಚು ಕಾರ್ಡಿನಲ್ಲಿ ಕಂಡರೆ ಮೂರು ಕೆಲಸದ ದಿನಗಳ ಒಳಗೆ ತಿಳಿಸಬೇಕಂತೆ. ಹಾಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಇನ್ನು ಸ್ವಲ್ಪ ತಡವಾದರೆ ಸ್ವಲ್ಪ ನಷ್ಟ. ಮೇಷ್ಟ್ರಷ್ಟು ತಡವಾದರೆ ಬ್ಯಾಂಕು ಹೇಳಿದ್ದೇ ತೀರ್ಮಾನ. ಆದರೂ ದೂರು ಬರೆದುಕೊಡಿ, ನೋಡೋಣ ಎಂದರು. ಬ್ಯಾಂಕು ನೋಡುತ್ತ ನೋಡುತ್ತ ದೀಪಾವಳಿ ಹೋಗಿ ಸಂಕ್ರಾಂತಿ ಬಂತು. ಎಳ್ಳುಬೆಲ್ಲದ ಜೊತೆಗೇ ಬ್ಯಾಂಕಿನ ಉತ್ತರವೂ ಬಂತು. ರೆಸಾರ್ಟಿನ ಕೌಂಟರಿನಲ್ಲಿ ಕಾರ್ಡನ್ನು ಉಜ್ಜಲಾಗಿದೆ, ಗುಪ್ತಸಂಖ್ಯೆಯನ್ನು ಸರಿಯಾಗಿಯೇ ಒತ್ತಲಾಗಿದೆ, ಆದ್ದರಿಂದ ತಾವೇ ಹೋಗಿರಬೇಕು, ಇಲ್ಲವೇ ತಾವೇ ಯಾರನ್ನೋ ಕಳಿಸಿರಬೇಕು, ದೂರನ್ನು ತಿರಸ್ಕರಿಸಲಾಗಿದೆ ಎಂಬುದು ಅದರ ಸಾರ.

ಹೆಂಡತಿ ನಂಬದ ಅಪರಾಧವನ್ನು ಬ್ಯಾಂಕು ನಂಬಿತ್ತು. ಆದರೆ ಅದರಿಂದ ಮೇಷ್ಟ್ರಿಗೆ ಸಂತೋಷವೇನೂ ಆಗಲಿಲ್ಲ. ಬ್ಯಾಂಕು ಬಡ್ಡಿಯನ್ನೂ ಸೇರಿಸಿತ್ತು.

ಹಾಸನದಲ್ಲಿ ವಕೀಲಿ ಮಾಡುವ ಗೌರೀಶಂಕರ ಮೇಷ್ಟ್ರ ಹಳೆಯ ಸಹಪಾಠಿ. ಗ್ರಾಹಕರ ಆಯೋಗದಲ್ಲಿ ದಾವೆ ಹೂಡೋಣ, ಗೆಲ್ಲುವ ಕೇಸು ಎಂದು ಅವನು ಧೈರ್ಯ ತುಂಬಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಮೇಷ್ಟ್ರು ಆ ವಾರವೇ ದಾವೆ ಹೂಡುತ್ತಿದ್ದರೋ ಏನೋ. ಅವನು ಏಳುವಾಗ, ಅವಸರವೇನಿಲ್ಲ, ಕಾನೂನಿನಲ್ಲಿ ಎರಡು ವರ್ಷ ಮುದ್ದತ್ತು ಇದೆ ಎಂದುಬಿಟ್ಟ.

ಎರಡು ವರ್ಷ ಎಂಬ ಮಾತು ಶಾಂತರಾಜು ಮೇಷ್ಟ್ರ ಕಿವಿಗೆ ಜೋಗುಳದಂತೆ ಕೇಳಿಸಿತು. ಮೂರು ದಿನ ಕೊಟ್ಟರೆ ಮನುಷ್ಯ ಓಡುತ್ತಾನೆ, ಎರಡು ವರ್ಷ ಕೊಟ್ಟರೆ ಹಾಸಿಗೆ ಹಾಸುತ್ತಾನೆ. ಇನ್ನೂ ಹೂಡದ ಆ ದಾವೆ ಸ್ಟಾಫ್ ರೂಮಿನಲ್ಲಿ ದಿನದಿನಕ್ಕೂ ಬೆಳೆಯಿತು. ಬ್ಯಾಂಕಿನ ಮೇಲಿನವರನ್ನು ಕಟಕಟೆಗೆ ಹತ್ತಿಸಿ ತಾವು ಕೇಳಲಿರುವ ಪ್ರಶ್ನೆಗಳನ್ನು ಮೇಷ್ಟ್ರು ಕನ್ನಡ ಮೇಷ್ಟ್ರ ಮೇಲೆ ಪ್ರಯೋಗಿಸಿ ನೋಡುತ್ತಿದ್ದರು. ಅರ್ಜಿ ಮಾತ್ರ ಇದ್ದಲ್ಲೇ ಇತ್ತು. ಪರೀಕ್ಷೆ ಬಂತು, ಚುನಾವಣೆ ಡ್ಯೂಟಿ ಬಂತು, ಜಿಲ್ಲಾ ಮಟ್ಟದ ಕಬಡ್ಡಿ ಬಂತು, ಆಷಾಢ ಬಂತು (ಆಷಾಢದಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದು), ಶ್ರಾವಣ ಬಂತು (ಶ್ರಾವಣದಲ್ಲಿ ಜಗಳ ಶುರು ಮಾಡಬಾರದು).

ನಾಗಲಕ್ಷ್ಮಿ ಮೊದಮೊದಲು ನೆನಪಿಸಿದಳು, ಆಮೇಲೆ ರೇಗಿದಳು, ಕೊನೆಗೆ ಸುಮ್ಮನಾದಳು. ಸುಮ್ಮನಾಗುವ ಮೊದಲು ಒಂದೇ ಮಾತು ಹೇಳಿದಳು: "ನೀವು ಒಂಬತ್ತು ತಿಂಗಳಿಗೇ ಹುಟ್ಟಿದ್ದು ಹೆಂಗೆ ಅಂತ ನಂಗೆ ಆಶ್ಚರ್ಯ ಕಣ್ರೀ."

ಎರಡನೆಯ ವರ್ಷದ ಪಿತೃಪಕ್ಷವೂ ಕಳೆದು ದೀಪಾವಳಿಯ ಪಟಾಕಿ ಸದ್ದಿಗೆ ಮೇಷ್ಟ್ರಿಗೆ ಎಚ್ಚರವಾಯಿತು. ಲೆಕ್ಕ ಹಾಕಿದರು. ಗೋವಾದಲ್ಲಿ ಕಾರ್ಡು ಉಜ್ಜಿದ ದಿನಕ್ಕೆ ಎರಡು ವರ್ಷ ತುಂಬಿ ತಿಂಗಳಾಗಿತ್ತು. ಊಟ ಬಿಟ್ಟು ಗೌರೀಶಂಕರನ ಆಫೀಸಿಗೆ ಓಡಿದರು.

ಗೌರೀಶಂಕರ ತಲೆ ಕೆರೆದುಕೊಂಡ. ದಿನವನ್ನು ಎಲ್ಲಿಂದ ಎಣಿಸುತ್ತಾರೆ ಎಂಬುದರ ಮೇಲೆ ವಾದ ಮಾಡಬಹುದು, ಆದರೂ ನಂಬಿ ಕೂರುವ ಹಾಗಿಲ್ಲ, ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಆಯೋಗದವರು ಮನ್ನಿಸುತ್ತಾರೆ, ಯಾವುದಕ್ಕೂ ಇರಲಿ ಅಂತ ಒಂದು ಅರ್ಜಿ, ಜೊತೆಗೆ ಆಣೆ ಮಾಡಿ ಬರೆದುಕೊಡುವ ಒಂದು ಅಫಿಡವಿಟ್ ಹಾಕಿಬಿಡೋಣ ಎಂದ. ನಿಜವಾದ ಕಾರಣ ಏನು ಎಂದು ಕೇಳಿದ. ಮೇಷ್ಟ್ರು ಪ್ರಾಮಾಣಿಕವಾಗಿ ಯೋಚಿಸಿದರು. ಸೋಮಾರಿತನ ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

"ಅದನ್ನು ಬರೆಯೋಕೆ ಆಗಲ್ಲ ಮೇಷ್ಟ್ರೇ" ಎಂದ ಗೌರೀಶಂಕರ. "ಮನೇಲಿ ಯಾರಿಗಾದ್ರೂ ಹುಷಾರಿಲ್ದೆ ಇತ್ತಾ?"

ಮೇಷ್ಟ್ರ ಮನಸ್ಸು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷಿಸಿತು. ತಮಗೇ ಕಾಯಿಲೆ ಎನ್ನುವಂತಿಲ್ಲ, ಪಿ.ಟಿ. ಮೇಷ್ಟ್ರ ಮರ್ಯಾದೆಯ ಪ್ರಶ್ನೆ. ಹೆತ್ತ ತಾಯಿಗೆ ಕಾಯಿಲೆ ಎಂದು ಸುಳ್ಳು ಬರೆಯುವುದು ಮಹಾಪಾಪ. ಹೆಂಡತಿಗೆ ಎಂದರೆ ಪಾಪಕ್ಕಿಂತ ಅಪಾಯ ಹೆಚ್ಚು. ಹೀಗೆ ಎಲ್ಲರೂ ಪಾರಾಗಿ ಉಳಿದವರು ಅರಕಲಗೂಡಿನ ಅತ್ತೆ, ಲಕ್ಷ್ಮಿದೇವಮ್ಮ. ಪಾಪ, ದೂರದಲ್ಲಿದ್ದಾರೆ, ಓದು ಬರಹ ಅಷ್ಟಕ್ಕಷ್ಟೆ, ಅವರಿಗೆ ತಿಳಿಯುವುದಾದರೂ ಹೇಗೆ?

ಮೇಷ್ಟ್ರು ಹೌದೆಂದರು. ಗೌರೀಶಂಕರ ನಂಬಿ ಬರೆಸಿದ. ಅವನ ಕೈಯಲ್ಲಿ ಅದು ಮಹಾಕಾವ್ಯವಾಯಿತು. ಅರ್ಜಿದಾರರ ಪೂಜ್ಯ ಅತ್ತೆಯವರಾದ ಲಕ್ಷ್ಮಿದೇವಮ್ಮನವರು ತೀವ್ರ ಅಸ್ವಸ್ಥರಾಗಿ ಹಾಸಿಗೆ ಹಿಡಿದಿದ್ದು, ಎದ್ದು ಕೂರಲೂ ಅಶಕ್ತರಾಗಿದ್ದು, ಅರ್ಜಿದಾರರು ಆರು ತಿಂಗಳ ಕಾಲ ಅವರ ಮಗ್ಗುಲಿನಿಂದ ಕದಲದೆ ಸ್ವಂತ ಮಗನಂತೆ ಶುಶ್ರೂಷೆ ಮಾಡಿದ್ದರಿಂದ ದಾವೆ ಹೂಡುವುದು ವಿಳಂಬವಾಯಿತು ಎಂದಿತ್ತು. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಅತ್ತೆಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಅಳಿಯ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎನ್ನಿಸಿ, ಕಣ್ಣೊರೆಸಿಕೊಂಡು ರುಜು ಹಾಕಿದರು. ಮನೆಯಲ್ಲಿ ಮಾತ್ರ, ಕೇಸು ಹಾಕಿ ಬಂದೆ ಎಂದಷ್ಟೇ ಹೇಳಿದರು.

ಅವರು ಮರೆತದ್ದು ಒಂದು ಸಣ್ಣ ಸಂಗತಿ. ಲಕ್ಷ್ಮಿದೇವಮ್ಮನ ಯಜಮಾನರು ಸರ್ಕಾರಿ ಕೆಲಸದಲ್ಲಿದ್ದು ತೀರಿಕೊಂಡವರು. ಆಕೆಗೆ ಬರುವ ಪೆನ್ಷನ್ನು ಇದೇ ಬ್ಯಾಂಕಿನ ಅರಕಲಗೂಡು ಶಾಖೆಯಲ್ಲಿ ಬೀಳುತ್ತಿತ್ತು. ಮತ್ತು ಆ ಶಾಖೆಯಲ್ಲಿ ಲಕ್ಷ್ಮಿದೇವಮ್ಮನನ್ನು ಅರಿಯದವರು ಯಾರೂ ಇರಲಿಲ್ಲ. ಎ.ಟಿ.ಎಂ. ಮುಟ್ಟದೆ ಪ್ರತಿ ತಿಂಗಳೂ ಸ್ವತಃ ಬಂದು, ಎಲ್ಲರಿಗಿಂತ ಮುಂದೆ ನಿಂತು, ಹೊಸ ನೋಟೇ ಬೇಕೆಂದು ಹಟ ಹಿಡಿದು, ಫ್ಯಾನು ಯಾಕೆ ತಿರುಗುವುದಿಲ್ಲ ಎಂದು ಮ್ಯಾನೇಜರನ್ನು ವಿಚಾರಿಸಿಕೊಂಡು ಹೋಗುವವರು ಅವರು.

ಹಾಗಾಗಿ ಬ್ಯಾಂಕಿನ ವಕೀಲರಾದ ಸುದರ್ಶನ್ ಸಲ್ಲಿಸಿದ ತಕರಾರು ಚಿಕ್ಕದಾಗಿಯೂ ಚೊಕ್ಕವಾಗಿಯೂ ಇತ್ತು. ಹಾಸಿಗೆ ಹಿಡಿದಿದ್ದರೆನ್ನಲಾದ ಸದರಿ ಲಕ್ಷ್ಮಿದೇವಮ್ಮನವರು ಸದರಿ ಆರು ತಿಂಗಳೂ ತಪ್ಪದೆ ಶಾಖೆಗೆ ನಡೆದುಕೊಂಡು ಬಂದು ಜಗಳವಾಡಿರುತ್ತಾರೆ. ಇದಕ್ಕೆ ಶಾಖೆಯ ಸಮಸ್ತ ಸಿಬ್ಬಂದಿಯೂ ಸಾಕ್ಷಿ.

ಅದನ್ನು ಓದಿದ ಗೌರೀಶಂಕರ, ತನಗೂ ಸುಳ್ಳು ಹೇಳಿದಿರಲ್ಲ ಎಂದು ಮೇಷ್ಟ್ರ ಮೇಲೆ ಹರಿಹಾಯ್ದ. ವಿಚಾರಣೆಯ ದಿನ ತಪ್ಪೊಪ್ಪಿಕೊಂಡು ಅರ್ಜಿ ಹಿಂತೆಗೆದುಕೊಳ್ಳುವುದೊಂದೇ ದಾರಿ ಎಂದ. ಈ ಅವಮಾನ ಮನೆಗೆ ತಿಳಿಯದಿದ್ದರೆ ಸಾಕೆಂದು ಮೇಷ್ಟ್ರು ಎಲ್ಲ ದೇವರಿಗೂ ಹರಸಿಕೊಂಡರು. ಆದರೆ ಆ ತಿಂಗಳ ಪೆನ್ಷನ್ನಿಗೆ ಹೋದ ಲಕ್ಷ್ಮಿದೇವಮ್ಮನನ್ನು ಕ್ಯಾಷಿಯರು, ಅಮ್ಮಾ ಈಗ ಪರವಾಗಿಲ್ವಾ, ಅಳಿಯಂದಿರು ತುಂಬ ಚೆನ್ನಾಗಿ ನೋಡಿಕೊಂಡರಂತೆ ಎಂದು ಕೇಳಿಬಿಟ್ಟಿದ್ದ. ಕೇಳಿದ್ದಲ್ಲದೆ ಕೇಸಿನ ತಾರೀಖನ್ನೂ ಹೇಳಿದ್ದ.

ವಿಚಾರಣೆಯ ದಿನ ಮೇಷ್ಟ್ರು ಆಯೋಗದ ಬೆಂಚಿನ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಯಾರೋ ಧೊಪ್ಪೆಂದು ಕೂತರು. ತಿರುಗಿ ನೋಡಿದರೆ ಅತ್ತೆ. ಮಡಿಲಲ್ಲಿ ಒಂದು ದೊಡ್ಡ ಬ್ಯಾಗು. ಅವರ ಆಚೆ, ರಜೆ ಹಾಕಿ ಬಂದಿದ್ದ ನಾಗಲಕ್ಷ್ಮಿ. ಅವಳು ಗಂಡನ ಕಡೆ ನೋಡದೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

ಲಕ್ಷ್ಮಿದೇವಮ್ಮ ಮೆಲ್ಲಗೆ ಕೇಳಿದರು: "ನಾ ಯಾವತ್ತು ಆಸ್ಗೆ ಇಡ್ದಿದ್ದೆ ಅಳಿಯಂದ್ರೆ?"

ಅಷ್ಟರಲ್ಲಿ ಕೇಸು ಕೂಗಿದರು. ಆಯೋಗದ ಅಧ್ಯಕ್ಷರು ಕನ್ನಡಕ ಹಾಕಿದ, ಗಂಭೀರ ಮುಖದ ಹೆಂಗಸು. ಸುದರ್ಶನ್ ತಮ್ಮ ತಕರಾರು ಓದುವಷ್ಟರಲ್ಲಿ ಲಕ್ಷ್ಮಿದೇವಮ್ಮ ಎದ್ದು ನಿಂತು ಕೈಮುಗಿದು, ಆಸ್ಗೆ ಇಡ್ದೋಳು ನಾನೇ ತಾಯಿ ಎಂದರು. ಇಡೀ ಹಾಲು ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಆಕೆಯನ್ನು ಮುಂದೆ ಕರೆದು, ಕಾಯಿಲೆ ನಿಜವೇ ಎಂದು ಕೇಳಿದರು.

"ಇಲ್ಲ ತಾಯಿ. ಮಂಡಿನೋವು ಒಂದು ಬುಟ್ರೆ ನಂಗೇನಿಲ್ಲ. ಎಲ್ಡು ಅಸ ಕಟ್ಕಂಡು ಮನಗಕ್ಕೆ ಪುರುಸೊತ್ತೆಲ್ಲೈತೆ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ದಾವೆ ಮುಳುಗಿತು, ದುಡ್ಡು ಮುಳುಗಿತು, ಸಂಸಾರವೂ ಮುಳುಗುವುದರಲ್ಲಿತ್ತು. ಆದರೆ ಲಕ್ಷ್ಮಿದೇವಮ್ಮ ಕೂರಲಿಲ್ಲ.

"ಇನ್ನೊಂದ್ ಮಾತು ತಾಯಿ. ನಮ್ಮ ಅಳಿಯಂದ್ರನ್ನ ಸೋಮಾರಿ ಅನ್ನಿ, ಒಪ್ಕತೀನಿ. ಸುಳ್ಳ ಅನ್ನಿ, ಇವತ್ತಿಂದ ಅದ್ನೂ ಒಪ್ಕತೀನಿ. ಗೋವಾಕ್ಕೆ ಓಗಿದ್ರು ಅಂದ್ರೆ ಮಾತ್ರ ಒಪ್ಪಕಿಲ್ಲ. ಅವತ್ತು ನಮ್ಮ ಯಜಮಾನ್ರಿಗೆ ಎಡೆ ಇಕ್ಕಿದ್ ದಿನ. ಇವ್ರು ನಮ್ಮನೇಲಿ ಮೂರ್ ಸಲ ಸಾರು ಆಕುಸ್ಕಂಡು ಜಗ್ಲಿ ಮ್ಯಾಲೆ ಬಿದ್ಕಂಡಿದ್ರು. ಅಂಗೀನ ಗೂಟಕ್ಕೆ ನೇತಾಕುವಾಗ ಈ ಕಾರ್ಡು ಜೇಬಿಂದ ಬಿತ್ತು. ನಾನೇ ಎತ್ತಿ ಮಡಗ್ದೆ. ಬೀದೀಲಿ ಯಾರ್ನ ಬೇಕಾದ್ರೂ ಕೇಳಿ, ಇವ್ರ ಗೊರಕೆ ಕೇಳ್ದೋರು ಎಲ್ರೂ ಅವ್ರೆ."

ಆಕೆ ಸ್ವಂತ ಅತ್ತೆ, ಆಕೆಯ ಮಾತನ್ನು ನಂಬುವುದು ಹೇಗೆ ಎಂದು ಸುದರ್ಶನ್ ಆಕ್ಷೇಪಿಸಿದರು. ಅಧ್ಯಕ್ಷರು ಅವರ ಕಡೆ ತಿರುಗಿ, ಅಳಿಯನ ಅರ್ಜಿಯನ್ನೇ ಸುಳ್ಳೆಂದು ಹೇಳಿದವರು ಅಳಿಯನಿಗಾಗಿ ಸುಳ್ಳು ಹೇಳುತ್ತಾರೆಯೇ ಎಂದು ಕೇಳಿದರು. ಆಕೆಯ ಆರೋಗ್ಯಕ್ಕೆ ನಿಮ್ಮ ಬ್ಯಾಂಕೇ ಸರ್ಟಿಫಿಕೇಟು ಕೊಟ್ಟಿದೆಯಲ್ಲ ಎಂದೂ ಸೇರಿಸಿದರು. ಆ ದಿನ ರೆಸಾರ್ಟಿನಲ್ಲಿ ತಂಗಿದ್ದವರು ಯಾರೆಂದು ಬ್ಯಾಂಕು ವಿಚಾರಿಸಿ ತಿಳಿಸಲಿ ಎಂದು ಆದೇಶವಾಯಿತು.

ಆಮೇಲೆ ಅವರು ಮೇಷ್ಟ್ರನ್ನು ಎದ್ದು ನಿಲ್ಲಿಸಿದರು. ಆಣೆ ಮಾಡಿ ಸುಳ್ಳು ಬರೆಯುವುದು ಅಪರಾಧ, ಮಕ್ಕಳಿಗೆ ಶಿಸ್ತು ಕಲಿಸುವವರು ನೀವು, ಬೇಕೆಂದರೆ ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳಬಹುದು ಎಂದು ಅವರು ಹೇಳಿದರು. ಮೇಷ್ಟ್ರು ತಪ್ಪಾಯಿತೆಂದು ಕೈಮುಗಿದು ಅರ್ಜಿ ಹಿಂತೆಗೆದುಕೊಂಡರು.

"ನಿಜ ಹೇಳಬೇಕಂದ್ರೆ ಈ ಅರ್ಜಿ ಬೇಕೇ ಇರಲಿಲ್ಲ" ಎಂದರು ಅಧ್ಯಕ್ಷರು. "ಇಲ್ಲಿ ಮುಖ್ಯವಾದದ್ದು ಲೆಕ್ಕ ಯಾವ ದಿನದಿಂದ ಶುರು ಅನ್ನೋದು. ಬ್ಯಾಂಕು ನಿಮ್ಮ ದೂರು ತಿರಸ್ಕರಿಸಿದ್ದು ಸಂಕ್ರಾಂತಿ ಹೊತ್ತಿಗೆ. ಅಲ್ಲಿಂದ ಎಣಿಸಿದ್ರೆ ನೀವು ಕೇಸು ಹಾಕಿದಾಗ ಎರಡು ವರ್ಷ ಇನ್ನೂ ತುಂಬಿರಲಿಲ್ಲ. ನೀವು ಮುದ್ದತ್ತಿನ ಒಳಗೇ ಬಂದಿದ್ದೀರಿ. ಸುಮ್ಮನೆ ಈ ಅಮ್ಮನನ್ನ ಯಾಕ್ರೀ ಮಲಗಿಸಿದ್ರಿ?"

ಗೌರೀಶಂಕರ ಫೈಲಿನೊಳಗೆ ಮುಖ ಹುದುಗಿಸಿದ.

ಹೊರಗೆ ಬಂದ ಮೇಲೆ ಮೇಷ್ಟ್ರು ಅತ್ತೆಯ ಕಾಲಿಗೆ ಬಿದ್ದರು. ನಾಚಿಕೆಯ ಜೊತೆಗೆ ಅವರಿಗೆ ಹೊಸದೊಂದು ಸಂತೋಷವೂ ಆಗಿತ್ತು. ಇಷ್ಟು ವರ್ಷಗಳಲ್ಲಿ ತಮ್ಮ ಪರವಾಗಿ ಇಷ್ಟು ಗಟ್ಟಿಯಾಗಿ ಯಾರೂ ಮಾತಾಡಿರಲಿಲ್ಲ. ಹೋಟೆಲಿನಲ್ಲಿ ಊಟ ಮಾಡಿಸಿ ಅರಕಲಗೂಡಿನ ಬಸ್ಸು ಹತ್ತಿಸುತ್ತೇನೆ, ಬನ್ನಿ ಎಂದು ಕರೆದರು.

ಲಕ್ಷ್ಮಿದೇವಮ್ಮ ಅಲ್ಲಾಡಲಿಲ್ಲ. "ಯಾವ ಬಸ್ಸು? ದೇವ್ರಾಣೆ ಆರು ತಿಂಗ್ಳು ಮಗನಂಗೆ ನೋಡ್ಕಂಡೆ ಅಂತ ಬರ್ದಿದ್ದೀರಿ. ಆಣೆ ಸುಳ್ಳಾಗಬಾರ್ದು ಕಣ್ರಪ್ಪ, ಮನೆಗೆ ಒಳ್ಳೇದಲ್ಲ. ಅಸಗಳ್ನ ತಂಗಿ ಮನೇಲಿ ಕಟ್ಟಿ ಬಂದಿವ್ನಿ. ನಡೀರಿ ಮನೆಗೆ" ಎಂದು ದೊಡ್ಡ ಬ್ಯಾಗನ್ನು ಅಳಿಯನ ಕೈಗೆ ಕೊಟ್ಟರು.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ನಾಗಲಕ್ಷ್ಮಿ ಆಗಲೇ ಆಟೋ ಕರೆಯುತ್ತಿದ್ದಳು.

ಮನೆಗೆ ಬಂದ ಮೇಲೆ ನಾಗಲಕ್ಷ್ಮಿ ಆಸ್ಪತ್ರೆಯ ಪದ್ಧತಿಯಲ್ಲೇ ಗಂಡನಿಗೆ ಡ್ಯೂಟಿ ಹಂಚಿದಳು. ಬೆಳಿಗ್ಗೆ ಅತ್ತೆಗೆ ಬಿಸಿನೀರು, ಕಾಫಿ. ಸಂಜೆ ಮಂಡಿಗೆ ಎಣ್ಣೆ ಹಚ್ಚಿ ನೀವುವುದು, ಅದೂ ಅವಳು ತೋರಿಸಿಕೊಟ್ಟ ಹಾಗೆ. ರಾತ್ರಿಗೆ ಮುದ್ದೆ. ಮೇಷ್ಟ್ರು ಜೀವಮಾನದಲ್ಲಿ ಮುದ್ದೆ ತಿಂದದ್ದಲ್ಲದೆ ತಿರುವಿದವರಲ್ಲ. ಮೊದಲನೆಯ ದಿನದ ಮುದ್ದೆ ಗಂಜಿಯಾಯಿತು. ಎರಡನೆಯ ದಿನದ್ದನ್ನು ಶಾಲೆಯ ಗುಂಡು ಎಸೆತಕ್ಕೆ ಕಳಿಸಬಹುದಾಗಿತ್ತು. ಆಮೇಲೆ ರೂಪ ಬಂತು, ಹದ ಬಂತು, ಗಂಟು ಮಾತ್ರ ಹೋಗಲಿಲ್ಲ. ಲಕ್ಷ್ಮಿದೇವಮ್ಮ ದಿನಾ ಒಂದು ತುತ್ತು ಮುರಿದು, ಒಳಗಿನ ಒಣಹಿಟ್ಟಿನ ಗಂಟನ್ನು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗಿಟ್ಟು, ಏನೂ ಅನ್ನದೆ ಊಟ ಮಾಡುತ್ತಿದ್ದರು. ಅವರು ಏನಾದರೂ ಅಂದಿದ್ದರೇ ವಾಸಿ ಎಂದು ಮೇಷ್ಟ್ರಿಗೆ ಅನ್ನಿಸುತ್ತಿತ್ತು.

ಮುಂದಿನ ತಾರೀಖಿಗೆ ಮೊದಲೇ ಬ್ಯಾಂಕಿನವರು ರಾಜಿಗೆ ಬಂದರು. ಗೋವಾದಲ್ಲಿ ತಂಗಿದ್ದವನು ಬೇರೆ ಯಾವನೋ ಆಗಿದ್ದ. ನಕಲಿ ಕಾರ್ಡು ಮಾಡಿ ಊರೂರು ಸುತ್ತುವುದೇ ಅವನ ಕಸುಬಂತೆ. ಹೋದ ದುಡ್ಡು ಬಡ್ಡಿಯ ಸಮೇತ ವಾಪಸು ಬಂತು. ಮೇಷ್ಟ್ರು ಅಂದೇ ಹೋಗಿ ಅತ್ತೆಗೆ ಒಂದು ಸೀರೆ ತಂದರು, ನಾಳೆಗೆ ಎಂದು ಮುಂದೂಡಲಿಲ್ಲ. ಅದನ್ನು ನೋಡಿ ನಾಗಲಕ್ಷ್ಮಿ ಮೊದಲ ಸಲ ಗಂಡನ ಮೇಲೆ ಅನುಮಾನಪಟ್ಟಳು. ಹುಷಾರಾಗಿದ್ದೀರ ತಾನೆ ಎಂದು ಹಣೆ ಮುಟ್ಟಿ ನೋಡಿದಳು. ಮೇಷ್ಟ್ರಿಗೆ ಅದು ಪದಕ ಸಿಕ್ಕಷ್ಟು ಹಿತವಾಯಿತು. ನಿಜ ಹೇಳಬೇಕೆಂದರೆ ಮನೆಗೂ ಹೊಸ ಕಳೆ ಬಂದಿತ್ತು. ಸಂಜೆ ಮಂಡಿ ನೀವಿಸಿಕೊಳ್ಳುತ್ತ ಅತ್ತೆ ಹೇಳುವ ಅರಕಲಗೂಡಿನ ಸುದ್ದಿ ಕೇಳಲೆಂದು ಮೇಷ್ಟ್ರು ಒಂದು ಬಸ್ಸು ಮುಂಚೆಯೇ ಮನೆಗೆ ಬರತೊಡಗಿದ್ದರು.

ಹಾಗೆಂದು ತಾವು ಬರೆದುಕೊಟ್ಟ ಗಡುವನ್ನು ಅವರೇನೂ ಮರೆತಿರಲಿಲ್ಲ. ಆರು ತಿಂಗಳು ತುಂಬಿದ ಸಂಜೆ, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು, ಅಲ್ಲಿಗೆ ನನ್ನ ಆಣೆ ತೀರಿತಲ್ಲ ಅತ್ತೆ, ಅರಕಲಗೂಡಿಗೆ ನಾನೇ ಬಂದು ಬಿಟ್ಟು ಬರಲೇ ಎಂದು ವಿನಯದಿಂದ ಕೇಳಿದರು.

ಲಕ್ಷ್ಮಿದೇವಮ್ಮ ಹೊಸ ಸೀರೆಯ ಸೆರಗು ಸರಿಮಾಡಿಕೊಂಡರು.

"ಎಲ್ ತೀರ್ತು? ಲೆಕ್ಕ ಯಾವ್ ದಿನದಿಂದ ಅನ್ನದು ಮುಖ್ಯ ಅಂತ ಆ ದೊಡ್ಡಮ್ನೋರು ಏಳ್ಲಿಲ್ವ? ಗಂಟಿಲ್ದೆ ಇರೋ ಮುದ್ದೆ ನನ್ ತಟ್ಟೆಗೆ ಯಾವತ್ತು ಬೀಳ್ತದೋ, ಅವತ್ತಿಂದ ಆರು ತಿಂಗ್ಳು. ಆ ದಿನ ಇನ್ನೂ ಬಂದಿಲ್ಲ ಅಳಿಯಂದ್ರೆ."

ಮೇಷ್ಟ್ರು ಮೇಲ್ಮನವಿಗೆಂದು ಹೆಂಡತಿಯ ಕಡೆ ತಿರುಗಿದರು. ನಾಗಲಕ್ಷ್ಮಿ ಮುದ್ದೆಕೋಲನ್ನು ಅವರ ಕೈಗಿತ್ತು, ನೀರು ಕುದೀತಾ ಇದೆ, ತಡ ಮಾಡಬೇಡಿ ಎಂದಳು.